ದೇವೀರಮ್ಮನ ಬಿಸಿ

ನಮ್ಮೂರಿನ ವಾಚನಾಲಯದಲ್ಲಿ ‘ಮೌನವಾಗಿರಿ’ ಎಂಬ ಬೋರ್ಡು ಬರೆಸಿ ಹಾಕಿದವನು ನಾನೇ. ಅದನ್ನು ದಿನಾ ಮುರಿಯುತ್ತಿದ್ದವನೂ ನಾನೇ. ಸಂಜೆ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಸರಿಯಾಗಿ ಬಸ್‌ಸ್ಟ್ಯಾಂಡಿನ ಪಕ್ಕದ ಅಂಗಡಿಯಲ್ಲಿ ದೇವೀರಮ್ಮ ಮೊದಲ ಮೆಣಸಿನಕಾಯಿ ಬಜ್ಜಿಯನ್ನು ಬಾಣಲೆಗೆ ಬಿಡುತ್ತಿದ್ದರು. ಎಣ್ಣೆಯ ಹನಿಯೊಂದು ಹಾರಿ ಅವರ ಎಡಗೈ ಮಣಿಕಟ್ಟಿಗೆ ಬೀಳುತ್ತಿತ್ತು. ಅಲ್ಲಿಂದ ಮೂರು ಬೀದಿ ಆಚೆ, ವಿಶ್ವಕೋಶದ ಆರನೆಯ ಸಂಪುಟದ ಧೂಳು ಒರೆಸುತ್ತಿದ್ದ ನಾನು “ಅಯ್ಯಪ್ಪಾ!” ಎಂದು ಕೂಗಿ ಮಣಿಕಟ್ಟು ಹಿಡಿದುಕೊಳ್ಳುತ್ತಿದ್ದೆ. ಪೇಪರ್ ಓದುತ್ತಿದ್ದವರು ನನ್ನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ನಾಲ್ಕೂ ಹತ್ತಾಯಿತು ಎಂದು ಕೈಗಡಿಯಾರದ ಮುಳ್ಳು ಸರಿಮಾಡಿಕೊಂಡು ಓದು ಮುಂದುವರಿಸುತ್ತಿದ್ದರು.

ದೇವೀರಮ್ಮ ನನಗೆ ನೆಂಟರಲ್ಲ, ನೆರೆಯವರಲ್ಲ. ಅವರ ಬಿಸಿ ನನ್ನ ಪಾಲಿಗೆ ಬಂದಿದೆ, ಅಷ್ಟೆ. ನಮ್ಮೂರಿನಲ್ಲಿ ಯಾರ ಬಿಸಿಯೂ ಅವರವರಿಗೆ ತಾಗುವುದಿಲ್ಲ, ಇನ್ನೊಬ್ಬರಿಗೆ ತಾಗುತ್ತದೆ. ಮಗು ಹುಟ್ಟಿ ಮೊದಲ ಸಲ ಬೆಚ್ಚನೆಯ ನೀರು ಹುಯ್ಯುವಾಗ ಮನೆಯವರೊಬ್ಬರು ಬೀದಿಗಿಳಿದು “ಯಾರಿಗೆ ಬೆಚ್ಚಗಾಯ್ತು? ಯಾರಿಗೆ ಬೆಚ್ಚಗಾಯ್ತು?” ಎಂದು ಕೇಳುತ್ತ ಹೋಗುತ್ತಾರೆ. ಎಲ್ಲೋ ಒಬ್ಬರು ಕೈ ಎತ್ತುತ್ತಾರೆ. ಅವರೇ ಆ ಮಗುವಿನ ಪಾಲಿನವರು. ಅಲ್ಲಿಂದಾಚೆ ಆ ಜೀವ ಮುಟ್ಟಿದ ಹೆಂಚು, ಕುಡಿದ ಕಾಫಿ, ನಿಂತ ಬಿಸಿಲು, ಬಂದ ಜ್ವರ ಎಲ್ಲವೂ ಅವರ ಪಾಲಿಗೆ. ಗುಳ್ಳೆ ಏಳುವುದು ಮಾತ್ರ ಸುಟ್ಟುಕೊಂಡವರ ಮೈಮೇಲೇ. ನಾನು ಒಂಬತ್ತು ವರ್ಷದವನಿದ್ದಾಗ, ಹನ್ನೆರಡರ ಮಗ್ಗಿ ಒಪ್ಪಿಸುತ್ತ ಹನ್ನೆರಡೇಳಲೆ ಎನ್ನುವಲ್ಲಿ ಬೆನ್ನೆಲ್ಲ ಹಿತವಾಗಿ ಬೆಚ್ಚಗಾಯಿತು. ಮೇಷ್ಟ್ರು ಕಿಟಕಿಯಾಚೆಯ ಕೂಗು ಕೇಳಿ, “ಹೋಗಯ್ಯಾ, ನಿನಗೊಂದು ಹೆಣ್ಣುಮಗು ಹುಟ್ಟಿದೆ” ಎಂದು ಕಳಿಸಿಕೊಟ್ಟರು. ಮಗ್ಗಿ ಅಲ್ಲಿಗೇ ನಿಂತಿತು. ಇಂದಿಗೂ ಹನ್ನೆರಡೇಳಲೆ ನನಗೆ ತಡವರಿಸುತ್ತದೆ.

ಇದನ್ನು ಕಷ್ಟ ಎಂದು ನಾವು ಯಾರೂ ತಿಳಿದವರಲ್ಲ. ಹೋಟೆಲಿನಲ್ಲಿ ಕಾಫಿಯನ್ನು ಆರಿಸಿಯೇ ಕೊಡುತ್ತಾರೆ. ಲೋಟದ ಮೇಲೆ ಊದುವಾಗ ನಮಗೆ ನೆನಪಾಗುವುದು ನಮ್ಮ ನಾಲಿಗೆಯಲ್ಲ, ಎಲ್ಲೋ ಕೂತು ತನ್ನ ಕೆಲಸ ಮಾಡಿಕೊಂಡಿರುವ ಒಬ್ಬ ಮನುಷ್ಯ. ನನ್ನ ಪಾಲಿನವನು ಇಸ್ತ್ರಿ ಅಂಗಡಿಯ ಕಾಳಪ್ಪ. ಅವನ ಬಾಯಿ ಮೊದಲೇ ದೊಡ್ಡದು. ಅದಕ್ಕೆ ಹೆದರಿಯೋ, ಅವನ ಮೇಲಿನ ಮರ್ಯಾದೆಗೋ, ಹುಟ್ಟಿದಾಗಿನಿಂದ ನಾನು ಬಿಸಿಯಾದದ್ದು ಒಂದು ತುತ್ತೂ ತಿಂದವನಲ್ಲ.

ಇನ್ನೊಂದು ಕಟ್ಟುಪಾಡಿದೆ. ಬುದ್ಧಿ ಬಾರದ ಮಗು ಏನಾದರೂ ಮುಟ್ಟಿದರೆ ಪಾಲಿನವರು ಓಡಿಬಂದು ಕೂಗಿ ಹೇಳಬಹುದು. ದೊಡ್ಡವರ ಬಿಸಿಯ ಬಗ್ಗೆ ಹೇಳುವಂತಿಲ್ಲ. ಹೇಳಿದರೆ ಅದು ದೂರು. ಎದುರು ಸಿಕ್ಕಾಗ ಬಿಸಿ ಮುಟ್ಟಿದವರು “ನಿನ್ನೆ ಸ್ವಲ್ಪ ಜಾಸ್ತಿ ಆಯ್ತೇನೋ” ಎನ್ನಬೇಕು, ಪಾಲಿನವರು “ಪರವಾಗಿಲ್ಲ ಬಿಡಿ” ಎನ್ನಬೇಕು. ಊರಿನ ಅರ್ಧ ಸಂಭಾಷಣೆ ಇಷ್ಟರಲ್ಲೇ ಮುಗಿಯುತ್ತದೆ. ಮೈಮರೆತು “ಅಯ್ಯಪ್ಪಾ” ಎಂದರೆ ಅದನ್ನು ದೂರು ಎಂದು ಎಣಿಸುವುದಿಲ್ಲ, ಸೀನು, ಕೆಮ್ಮಿನ ಜೊತೆ ಸೇರಿಸುತ್ತಾರೆ.

ಈ ಕಟ್ಟುಪಾಡನ್ನು ಹನ್ನೊಂದು ವರ್ಷದ ಹಿಂದೆ ನಾನು ಮುರಿದೆ. ತುಂಬ ಓದಿದರೆ ಆಗುವ ತೊಂದರೆ ಇದು: ಮನುಷ್ಯನಿಗೆ ಅರ್ಜಿ ಬರೆಯುವ ಆಸೆ ಹುಟ್ಟುತ್ತದೆ. ವಾಚನಾಲಯ ತೆರೆದಿರುವ ಹೊತ್ತಿನಲ್ಲಿ ಬಜ್ಜಿ ಕರಿಯದಂತೆ ದೇವೀರಮ್ಮನವರಿಗೆ ಸೂಚಿಸಬೇಕೆಂದು ಊರಿನ ಸಭೆಗೆ ಬರೆದುಕೊಂಡೆ. ಅದಕ್ಕೆ ಆಧಾರವಾಗಿ ಇಪ್ಪತ್ತಾರು ನಮೂದು, ದಿನಾಂಕ ಸಮೇತ. ‘ಏಳನೇ ತಾರೀಕು, ಸಂಜೆ ನಾಲ್ಕು ಹತ್ತು, ಎಡಗೈ ಮಣಿಕಟ್ಟು, ಎಣ್ಣೆಹನಿ, ಇರುವೆ ಕಚ್ಚಿದಂತೆ ಶುರುವಾಗಿ ಚೇಳು ಕುಟುಕಿದಂತೆ ಮುಗಿಯಿತು.’ ಹೀಗೆ. ಬರೆದು ಓದಿಕೊಂಡಾಗ ನನಗೇ ಹೆಮ್ಮೆಯಾಗಿತ್ತು. ಸಭೆಯಲ್ಲಿ ಅಧ್ಯಕ್ಷರು ಅದನ್ನು ಗಟ್ಟಿಯಾಗಿ, ಅಭಿನಯ ಸಮೇತ ಓದಿದರು. ಜನ ನಕ್ಕರು. ದೇವೀರಮ್ಮ ಸೆರಗಿನ ತುದಿಗೆ ಕೈ ಒರೆಸಿಕೊಳ್ಳುತ್ತ ಎದ್ದು ನಿಂತು, “ನನ್ನ ಬಿಸಿ ಇಷ್ಟು ಭಾರ ಅಂತ ಗೊತ್ತಿರ್ಲಿಲ್ಲ ಸ್ವಾಮಿ” ಎಂದು ಹೇಳಿ ಹೊರಟುಹೋದರು. ಅರ್ಜಿಗೆ ಸೀಲು ಹೊಡೆದು, ಇಬ್ಬರಿಗೂ ಒಂದೊಂದು ಪ್ರತಿ ಕೊಟ್ಟು, ಸಭೆ ಏನೂ ತೀರ್ಮಾನಿಸದೆ ಮುಗಿಯಿತು.

ಮಾರನೆಯ ದಿನದಿಂದ ಅವರು ತೀರಿಹೋದ ಗಂಡನ ತುಂಬುತೋಳಿನ ಅಂಗಿಯೊಂದನ್ನು ಸೀರೆಯ ಮೇಲೆ ತೊಟ್ಟು, ಮಣಿಕಟ್ಟಿನವರೆಗೂ ಗುಂಡಿ ಹಾಕಿ ಒಲೆಯ ಮುಂದೆ ನಿಲ್ಲತೊಡಗಿದರು. ಹನಿ ಬೀಳುವುದು ನಿಂತಿತು. ಮಾತೂ ನಿಂತಿತು. ನಡುಬೇಸಿಗೆಯಲ್ಲೂ ಆ ದಪ್ಪ ಅಂಗಿ ತೆಗೆಯಲಿಲ್ಲ. ಅದರೊಳಗಿನ ಸೆಖೆಯನ್ನು ಹನ್ನೊಂದು ವರ್ಷ ನಾನು ಫ್ಯಾನಿನ ಕೆಳಗೆ ಕೂತು ಅನುಭವಿಸಿದೆ. ವಾಚನಾಲಯದವರ ಗಡಿಯಾರಗಳು ಒಂದೊಂದು ಒಂದೊಂದು ಹೊತ್ತು ತೋರಿಸತೊಡಗಿದವು.

ಹೀಗಿರುವಾಗ ಹೋದ ವರ್ಷ ನಮ್ಮೂರ ಆಸ್ಪತ್ರೆಗೆ ಡಾಕ್ಟರ್ ಫಿಲೋಮಿನಾ ಬಂದರು. ಕಡಲ ಕಡೆಯವರು, ತಮ್ಮ ಬಿಸಿಯನ್ನು ತಾವೇ ಅನುಭವಿಸುವ ಜನ. ಬಂದ ದಿನ ಹೋಟೆಲಿನಲ್ಲಿ ಹಟ ಹಿಡಿದು ಕುದಿಯುವ ಕಾಫಿ ತರಿಸಿಕೊಂಡು, ಕುಡಿದು, ತಾವೇ “ಹಾ!” ಎಂದು ಬಾಯಿಗೆ ಗಾಳಿ ಹಾಕಿಕೊಂಡರಂತೆ. ಇಡೀ ಹೋಟೆಲು ಲೋಟ ಕೆಳಗಿಟ್ಟು ನೋಡಿತಂತೆ. ಅವರು ಒಂದು ಮಧ್ಯಾಹ್ನ ನೇರವಾಗಿ ವಾಚನಾಲಯಕ್ಕೆ ಬಂದು, ಬೋರ್ಡನ್ನು ಲೆಕ್ಕಿಸದೆ ಕೇಳಿದರು: “ಧರಣೇಂದ್ರಯ್ಯ ಅಂದ್ರೆ ನೀವಾ? ಬಜ್ಜಿಯಮ್ಮನ ಬಿಸಿ ನಿಮ್ಮ ಹತ್ರ ಉಂಟಂತೆ ಅಲ್ವಾ?”

ಪೇಪರುಗಳೆಲ್ಲ ಒಟ್ಟಿಗೆ ಕೆಳಗಿಳಿದವು.

“ಉಂಟು,” ಎಂದೆ. ಗಾಬರಿಯಲ್ಲಿ ಅವರ ಭಾಷೆಯೇ ಬಂದುಬಿಟ್ಟಿತು.

ಆಚೆ ಕರೆದುಕೊಂಡು ಹೋಗಿ ವಿಷಯ ಹೇಳಿದರು. ದೇವೀರಮ್ಮನ ಬಲತೊಡೆಯೊಳಗೆ ಗಜನಿಂಬೆ ಗಾತ್ರದ ಗೆಡ್ಡೆಯಿದೆ. ಕ್ಯಾನ್ಸರ್. ದೊಡ್ಡ ಆಸ್ಪತ್ರೆಯವರು ಕಾಲನ್ನೇ ತೆಗೆಯಬೇಕು ಎಂದಿದ್ದಾರೆ. ಇವರ ಹತ್ತಿರ ಇನ್ನೊಂದು ದಾರಿಯಿದೆ: ರೇಡಿಯೇಶನ್ ಕೊಡುವುದು, ಅದರ ಜೊತೆಗೆ ವಾರಕ್ಕೆ ಎರಡು ಸಲ ಗೆಡ್ಡೆಯನ್ನು ಒಂದು ಗಂಟೆ ಕಾಯಿಸುವುದು. ಕಾದ ಗೆಡ್ಡೆಗೆ ರೇಡಿಯೇಶನ್ ಹೆಚ್ಚು ನಾಟುತ್ತದೆ. ಹತ್ತು ಸಲ ಸರಿಯಾಗಿ ಕಾಯಿಸಿದರೆ ಗೆಡ್ಡೆ ಕುಗ್ಗಬಹುದು, ಆಗ ಅದನ್ನಷ್ಟೇ ಕೊಯ್ದು ತೆಗೆದು ಕಾಲು ಉಳಿಸಬಹುದು.

“ನಲ್ವತ್ತೆರಡು, ನಲ್ವತ್ಮೂರು ಡಿಗ್ರಿಯಲ್ಲಿ ನಿಲ್ಲಿಸ್ಬೇಕು. ನಲ್ವತ್ತೊಂದಕ್ಕೆ ಇಳಿದ್ರೆ ಪ್ರಯೋಜನ ಇಲ್ಲ, ನಲ್ವತ್ನಾಲ್ಕು ದಾಟಿದ್ರೆ ಒಳ್ಳೆ ಮಾಂಸವೂ ಬೇಯ್ತದೆ. ಒಳಗೆ ಮೂರು ಸಣ್ಣ ದಾರ ಇಡ್ತೇನೆ, ಅದರ ತುದಿ ಬಿಸಿ ಎಷ್ಟು ಅಂತ ಹೇಳ್ತದೆ. ಆದ್ರೆ ದಾರ ಇದ್ದ ಕಡೆ ಮಾತ್ರ ಹೇಳ್ತದೆ ಮಾರಾಯ್ರೆ! ಪಕ್ಕದಲ್ಲಿ ಎಂತ ಆಗ್ತಾ ಉಂಟು, ಅದಕ್ಕೆ ಗೊತ್ತಿಲ್ಲ. ನಮ್ಮ ಕಡೆ ಆದ್ರೆ ಪೇಷೆಂಟೇ ‘ಇಲ್ಲಿ ಉರೀತದೆ’ ಅಂತ ಹೇಳ್ತಾರೆ. ನಿಮ್ಮ ಬಜ್ಜಿಯಮ್ಮ ಹಾಯಾಗಿ ಮಲಗಿರ್ತಾರೆ. ಹಾಗಾಗಿ ನೀವು ಪಕ್ಕದಲ್ಲಿ ಕೂತು ಹೇಳ್ಬೇಕು.”

ಮನೆಗೆ ಹೋಗಿ ಹೆಂಡತಿ ಪದ್ಮಲತೆಗೆ ಹೇಳಿದೆ. ಅವಳು ಹುರುಳಿಕಾಯಿಯ ನಾರು ತೆಗೆಯುತ್ತಿದ್ದಳು. “ಹೋಗ್ಬನ್ನಿ. ಅವರದ್ದು ನಲವತ್ತೊಂಬತ್ತು ವರ್ಷದ ಸಂಬಂಧ, ನಂದು ಬರೀ ಮೂವತ್ತು,” ಎಂದಳು. ಆಮೇಲೆ ಚಾಕು ಕೆಳಗಿಟ್ಟು ಸಣ್ಣ ದನಿಯಲ್ಲಿ, “ಒಂದೇ ಕಾಲಲ್ಲಿ ಆ ಒಲೆ ಮುಂದೆ ಹೆಂಗ್ರೀ ನಿಲ್ತಾರೆ?” ಎಂದಳು.

ಆ ಸಂಜೆ ನಾನು ಒಂದು ಶಪಥ ಮಾಡಿದೆ. ಒಮ್ಮೆ ದೂರಿ ಪಟ್ಟದ್ದು ಸಾಕು. ಈ ಸಲ ಕೆಂಡವನ್ನೇ ಸುರಿದರೂ ತುಟಿ ಬಿಚ್ಚುವುದಿಲ್ಲ. ಶಪಥ ಎಷ್ಟು ಘನವಾಗಿತ್ತೆಂದರೆ ಅದು ಶುದ್ಧ ದಡ್ಡತನ ಎಂದು ಹೊಳೆಯಲೇ ಇಲ್ಲ.

ಮೊದಲ ದಿನ ಆಸ್ಪತ್ರೆಯ ಕೋಣೆಯಲ್ಲಿ ದೇವೀರಮ್ಮನ ಮಂಚಕ್ಕೂ ನನ್ನ ಕುರ್ಚಿಗೂ ನಡುವೆ ಹಸಿರು ಪರದೆ. ಅವರ ತೊಡೆಯ ಮೇಲೆ ತಣ್ಣೀರಿನ ಮೆತ್ತನೆಯ ಚೀಲ, ಚರ್ಮ ಸುಡದಿರಲಿ ಎಂದು. ಅದರ ಮೇಲೆ ಮೆಷಿನ್ನಿನ ಮೂತಿ. ಪರದೆಯಾಚೆಯಿಂದ ದನಿ ಬಂತು: “ಡಾಕ್ಟ್ರಮ್ಮ, ಅವರಿಗೆ ಜಾಸ್ತಿ ತೊಂದ್ರೆ ಆಗ್ದಂಗೆ ನೋಡ್ಕೊಳ್ಳಿ.” ನಾನೆಂದೆ: “ಡಾಕ್ಟರೇ, ಅವರಿಗೆ ಹೇಳಿ, ಪರವಾಗಿಲ್ಲ ಅಂತ.” ಎರಡು ಮೊಳದ ಅಂತರದಲ್ಲಿ ನಾವಿಬ್ಬರೂ ಡಾಕ್ಟರ ಮೂಲಕ ವ್ಯವಹರಿಸಿದೆವು.

ಮೆಷಿನ್ನು ಗುಂಯ್ ಎಂದಿತು. ನನ್ನ ಬಲತೊಡೆಯ ಆಳದಲ್ಲಿ ಬೆಚ್ಚನೆಯ ಇಟ್ಟಿಗೆಯೊಂದನ್ನು ಯಾರೋ ಮೆಲ್ಲಗೆ ಇಟ್ಟಂತಾಯಿತು. ಮೊದಲು ಹಿತವಾಗಿಯೇ ಇತ್ತು. ಇಪ್ಪತ್ತು ನಿಮಿಷ ಕಳೆಯುವಷ್ಟರಲ್ಲಿ ಮಂಡಿಯ ಮೇಲೆ ನಾಲ್ಕು ಬೆರಳಷ್ಟು ದೂರದಲ್ಲಿ ಒಂದು ಚುಕ್ಕೆ ಚುರುಕ್ ಎಂದಿತು. ಡಾಕ್ಟರು ಐದೈದು ನಿಮಿಷಕ್ಕೆ ಕೇಳುತ್ತಿದ್ದರು.

“ಹೇಗುಂಟು?”

“ಪರವಾಗಿಲ್ಲ.”

“ಪರವಾಗಿಲ್ಲ ಅಂದ್ರೆ ಎಷ್ಟು?”

“ತಡ್ಕೋಬಹುದು.”

ಮೆಷಿನ್ನಿನ ಪರದೆಯ ಮೇಲೆ ಮೂರು ದಾರಗಳ ಮೂರು ಅಂಕಿ: ನಲವತ್ತೆರಡು, ನಲವತ್ತೆರಡೂವರೆ, ನಲವತ್ತೆರಡು. ಎಲ್ಲವೂ ಸರಿಯಾಗಿದೆ ಎಂದು ಅವು ಸಾಕ್ಷಿ ಹೇಳುತ್ತಿದ್ದವು. ನನ್ನ ಮಂಡಿಯ ಮೇಲೆ ಮಾತ್ರ ಯಾರೋ ಊದುಬತ್ತಿ ಒತ್ತುತ್ತಿದ್ದರು. ನಾನು ಕಣ್ಣು ಮುಚ್ಚಿ ನಿಘಂಟಿನಲ್ಲಿ ‘ತ’ ಅಕ್ಷರದಿಂದ ಶುರುವಾಗುವ ಪದಗಳನ್ನು ನೆನೆಯುತ್ತ ಹೋದೆ. ‘ತಾಳ್ಮೆ’ಗೆ ಬರುವ ಹೊತ್ತಿಗೆ ಗಂಟೆ ಮುಗಿಯಿತು. ಡಾಕ್ಟರು ನೀರಿನ ಚೀಲ ಎತ್ತಿದರು. ಚೀಲದ ಅಂಚು ಮಡಚಿಕೊಂಡು, ಅಲ್ಲಿ ನೀರು ಓಡದೆ, ಚರ್ಮ ಸುಟ್ಟು ದೊಡ್ಡ ನೀರುಗುಳ್ಳೆ ಎದ್ದಿತ್ತು.

“ಅಂಬೊಡೆಯಷ್ಟಿದೆ,” ಎಂದರು ದೇವೀರಮ್ಮ, ತಲೆ ಎತ್ತಿ ನೋಡಿಕೊಂಡು, ಕಸುಬಿನವರ ಕುತೂಹಲದಿಂದ.

ಡಾಕ್ಟರು ಪರದೆ ಸರಿಸಿ ನನ್ನೆದುರು ನಿಂತರು. “ನಿಮಗೆ ಇದು ಗೊತ್ತಾಗ್ಲಿಲ್ವಾ?”

“ಗೊತ್ತಾಯಿತು.”

“ಮತ್ತೆ?”

“ದೂರಬಾರದು ಅಂತ…”

“ದೇವರೇ!” ಅವರು ತಲೆ ಮೇಲೆ ಕೈಯಿಟ್ಟುಕೊಂಡರು. “ನಿಮ್ಮ ಮರ್ಯಾದೆ ನನಗೆ ಬೇಡ ಮಾರಾಯ್ರೆ, ನಿಮ್ಮ ಉರಿ ಬೇಕು! ಇನ್ನೊಂದು ಗುಳ್ಳೆ ಬಂದ್ರೆ ನಾನು ಮೆಷಿನ್ ಬಂದ್ ಮಾಡ್ತೇನೆ. ಆಮೇಲೆ ಉಳಿಯೋದು ಕಾಲು ತೆಗೆಯುದೇ. ಇಲ್ಲಿ ಉರೀತದೆ ಅಂತ ನಿಮ್ಮ ಬಾಯಲ್ಲಿ ಬರುದಿಲ್ಲ ಅಂದ್ರೆ ಈಗಲೇ ಹೇಳಿ.”

ನಾನು ನೆಲ ನೋಡುತ್ತ ಕೂತೆ. ಹುಟ್ಟಿದಾಗಿನಿಂದ ಬಂದ ಅಭ್ಯಾಸ, ಅದರ ಮೇಲೆ ಹನ್ನೊಂದು ವರ್ಷದ ನಾಚಿಕೆ. ಬರುತ್ತದೆ ಎಂದು ಹೇಳುವ ಧೈರ್ಯ ಬರಲಿಲ್ಲ. ಆಗ ಮಂಚದ ಕಡೆಯಿಂದ ಮಾತು ಬಂತು.

“ಡಾಕ್ಟ್ರಮ್ಮ, ನನ್ನ ಫೈಲ್ ತೆಗೀರಿ. ಹಿಂದುಗಡೆ ಒಂದು ಕಾಗದ ಇದೆ, ಓದಿ.”

ನಮ್ಮ ಆಸ್ಪತ್ರೆಯ ಫಾರಂನಲ್ಲಿ ‘ಪಾಲಿನವರ ಹೆಸರು, ದಾಖಲೆ ಸಹಿತ’ ಎಂದೊಂದು ಕಲಂ ಇದೆ. ಜನನಪತ್ರದಲ್ಲಿ ಪಾಲಿನವರನ್ನು ಬರೆಯುವ ಪದ್ಧತಿ ಬರುವ ಮೊದಲೇ ಹುಟ್ಟಿದವರು ದೇವೀರಮ್ಮ. ನಾನು ಅವರ ಪಾಲಿನವನು ಎಂಬುದಕ್ಕೆ ಈ ಭೂಮಿಯ ಮೇಲೆ ಸೀಲು ಬಿದ್ದ ದಾಖಲೆ ಇದ್ದದ್ದು ಒಂದೇ. ಡಾಕ್ಟರು ಫೈಲಿನ ಹಿಂದಿನಿಂದ ನನ್ನ ಅರ್ಜಿಯನ್ನು ಹೊರತೆಗೆದರು.

ಅವರು ಓದಿದರು. ಮೊದಲು ಹುಬ್ಬು ಮೇಲೆ ಹೋಯಿತು. ಆಮೇಲೆ ಸ್ಟೂಲು ಎಳೆದುಕೊಂಡು ಕೂತರು. “‘ಹನ್ನೊಂದನೇ ತಾರೀಕು, ಬಲಗೈ ಹೆಬ್ಬೆರಳು, ಬಾಣಲೆಯ ಕಿವಿ; ಉರಿ ಮೊದಲು ಉಗುರಿನ ಬುಡದಲ್ಲಿ, ಮೂರು ಉಸಿರಿನ ನಂತರ ಮೊದಲ ಗೆಣ್ಣಿನವರೆಗೆ, ಆಮೇಲೆ ಮಿಡಿತ.’ ಇದು ಎಂತ ಮಾರಾಯ್ರೆ! ಇಷ್ಟು ಚಂದ ರಿಪೋರ್ಟು ನನ್ನ ಮೆಷಿನ್ನೂ ಕೊಡುದಿಲ್ಲ.”

“ಅಲ್ವ ಮತ್ತೆ,” ಎಂದರು ದೇವೀರಮ್ಮ, ನನ್ನ ಅರ್ಜಿಯನ್ನು ತಾವೇ ಬರೆದವರ ಹಾಗೆ. ಆಮೇಲೆ ಹನ್ನೊಂದು ವರ್ಷದಲ್ಲಿ ಮೊದಲ ಸಲ ನನ್ನ ಕಡೆ ತಿರುಗಿದರು. “ಅವತ್ತು ಊರನ್ನೆಲ್ಲ ಕೂರಿಸ್ಕೊಂಡು ದೂರಿದ್ರಲ್ಲ ಸ್ವಾಮಿ. ಇವತ್ತು ಮುಖಕ್ಕೆ ಮುಖ ಕೊಟ್ಟು ದೂರೋಕೆ ಬಾಯಿಲ್ವ? ಆ ಪರದೆ ಕಿತ್ತಾಕಿ ಡಾಕ್ಟ್ರಮ್ಮ. ಗುರುವಾರ ಬನ್ನಿ ಸ್ವಾಮಿ, ಇಪ್ಪತ್ತೇಳನೇದ್ರಿಂದ ಶುರು ಮಾಡಿ.”

ಗುರುವಾರ ಮೆಷಿನ್ನು ಹಚ್ಚುವ ಮುನ್ನ ಡಾಕ್ಟರು ನನ್ನನ್ನು ಪರೀಕ್ಷೆ ಮಾಡಿದರು. ದೇವೀರಮ್ಮನ ತೋಳಿನ ಮೇಲೆ ಅಳೆದ ನೀರಿನ ಬಾಟಲಿಗಳನ್ನು ಒಂದೊಂದಾಗಿ ಇಡುವುದು, ನಾನು ಅದು ಯಾವ ಬಿಸಿ ಎಂದು ಹೇಳುವುದು. ಮೂವತ್ತೊಂಬತ್ತು ಎಂದರೆ ಅವರಿಗೆ ಮಾಮೂಲು ಜ್ವರ ಬಂದಾಗಿನಷ್ಟು. ನಲವತ್ತೊಂದು ಎಂದರೆ ಅವರು ಶನಿವಾರ ತಲೆಗೆ ಹುಯ್ದುಕೊಳ್ಳುವ ನೀರು. ನಲವತ್ಮೂರಕ್ಕೆ ನಾನು, “ಇದು ಸಂಜೆ ಆರಕ್ಕೆ ಒಲೆ ಮುಂದೆ ಇವರ ಮೊಣಕಾಲ ಕೆಳಗೆ ಇರುವ ಬಿಸಿ” ಎಂದೆ. ನಲವತ್ತೊಂಬತ್ತು ವರ್ಷ ಒಬ್ಬರ ಬಿಸಿ ಉಂಡರೆ ಇಷ್ಟು ವಿದ್ಯೆ ಬಾರದೇ ಹೋಗುವುದಿಲ್ಲ. ಡಾಕ್ಟರು ಅಂಕಿ ಬರೆದುಕೊಂಡು ತಲೆಯಾಡಿಸಿದರು. ಕಾಲು ಡಿಗ್ರಿಗಿಂತ ಹೆಚ್ಚು ನಾನು ಎಲ್ಲೂ ತಪ್ಪಿರಲಿಲ್ಲ.

ಆದರೆ ಮೆಷಿನ್ನು ಶುರುವಾಗಿ ಹದಿನೈದು ನಿಮಿಷಕ್ಕೆ ತೊಡೆಯ ಒಳಮೈಯಲ್ಲಿ ಚುರುಕ್ ಎಂದಾಗ ನನ್ನ ಬಾಯಿಂದ ಹೊರಟದ್ದು “ಪರ—” ಎಂದೇ.

“ಏನು?” ದೇವೀರಮ್ಮ ಮೊಣಕೈ ಊರಿ ಎದ್ದರು. “ಏನಂದ್ರಿ? ಪರವಾಗಿಲ್ವ? ಹಂಗಾದ್ರೆ ನಾನು ಒಂದು ಕಾಲಲ್ಲಿ ಕುಂಟ್ತೀನಿ ಬಿಡಿ. ವಾಚನಾಲಯದ ಬಾಗಿಲಿಗೆ ದಿನಾ ಕುಂಟ್ಕೊಂಡು ಬಂದು ಕೂತ್ಕೊತೀನಿ. ನೀವು ಓದ್ತಾ ಇರಿ.”

“ಎಡಗಡೆ!” ಎಂದು ಕೂಗಿದೆ. ಆ ಕೂಗು ಎಲ್ಲಿತ್ತೋ, ಹೊರಟದ್ದೇ ನಿಲ್ಲಲಿಲ್ಲ. “ಒಳತೊಡೆ, ಮಂಡಿಯಿಂದ ಒಂದು ಗೇಣು ಮೇಲೆ, ಚರ್ಮದಲ್ಲೇ, ಒಳಗಲ್ಲ! ನಾಲ್ಕಾಣೆಯಷ್ಟು ಅಗಲ! ನಿಮ್ಮ ಬಾಣಲೆ ಕಿವಿಗಿಂತ ಕಡಿಮೆ, ದೋಸೆ ಹೆಂಚಿನ ಅಂಚಿಗಿಂತ ಜಾಸ್ತಿ! ಇದೇನ್ರೀ ಇದು, ಮನುಷ್ಯರು ತಡೆಯೋ ಉರಿಯಾ ಇದು!”

ಡಾಕ್ಟರು ಓಡಿಬಂದು ಚೀಲದ ಅಂಚನ್ನು ಬೆರಳಿನಿಂದ ಬಿಡಿಸಿದರು. ನೀರು ಹರಿಯಿತು. ಉರಿ ಒಮ್ಮೆಗೇ ಆರಿತು.

“ಹೋಯ್ತು,” ಎಂದೆ.

“ಪೂರ್ತಿ ಹೋಯ್ತಾ?” ದೇವೀರಮ್ಮ ಕೇಳಿದರು.

“ಪೂರ್ತಿ.”

ಯಾಕೋ ಮೂವರಿಗೂ ಒಟ್ಟಿಗೆ ನಗು ಬಂತು. ದೇವೀರಮ್ಮ ನಕ್ಕಿದ್ದಕ್ಕೆ ಕಾಲು ಅಲುಗಿ, ಡಾಕ್ಟರು ನಗುತ್ತಲೇ ಗದರಿದರು.

ಅಲ್ಲಿಂದ ನನಗೆ ಲಗಾಮಿರಲಿಲ್ಲ. ಮೂಳೆಯ ಪಕ್ಕದಲ್ಲಿ ಹಲ್ಲುನೋವಿನಂಥ ಸಣ್ಣ ಉರಿಯಿದೆ ಎಂದೆ. ದಾರಗಳಿಗೆ ಅದು ಗೊತ್ತೇ ಇರಲಿಲ್ಲ, ಡಾಕ್ಟರು ಆ ಕಡೆಯ ಶಕ್ತಿ ತಗ್ಗಿಸಿದರು. ಇನ್ನೊಂದು ದಿನ, “ಗೆಡ್ಡೆಯ ಮೇಲ್ತುದಿಗೆ ಏನೂ ತಾಗುತ್ತಿಲ್ಲ, ಸಾರಿನಲ್ಲಿ ಮುಳುಗದ ಮುದ್ದೆಯ ತುದಿಯ ಹಾಗೆ ತಣ್ಣಗಿದೆ” ಎಂದೆ. ಅಲ್ಲಿ ದೊಡ್ಡ ರಕ್ತನಾಳ ಹಾದುಹೋಗಿದೆ, ಹರಿಯುವ ರಕ್ತ ಬಿಸಿಯನ್ನು ಹೊತ್ತುಕೊಂಡು ಹೋಗುತ್ತದೆ ಎಂದು ಡಾಕ್ಟರು ವಿವರಿಸಿ, ಮೆಷಿನ್ನಿನ ಮೂತಿಯನ್ನು ಎರಡು ಬೆರಳು ಮೇಲಕ್ಕೆ ಸರಿಸಿದರು. ನನ್ನ ವರದಿಗಳ ಭಾಷೆ ದಿನದಿಂದ ದಿನಕ್ಕೆ ಏರಿತು. ಸದ್ದು ಕೇಳಿ ಕಿಟಕಿಯ ಹೊರಗೆ ಜನ ಸೇರತೊಡಗಿದರು. ಊರಿನಲ್ಲಿ ಒಬ್ಬ ಗಂಡಸು ಒಬ್ಬ ಹೆಂಗಸಿಗೆ ಅವರ ಬಿಸಿಯ ಬಗ್ಗೆ ಎದುರಿಗೇ, ಗಟ್ಟಿಯಾಗಿ, ಒಂದು ಗಂಟೆ ದೂರುವುದನ್ನು ಯಾರೂ ಕೇಳಿರಲಿಲ್ಲ. ಪದ್ಮಲತೆ ಆರಿದ ಕಾಫಿ ತಂದು ಮೂಲೆಯ ಬೆಂಚಿನಲ್ಲಿ ಕೂತು, “ನನಗೆ ಒಂದು ದಿನ ಇಷ್ಟು ಚೆಂದದ ಮಾತು ಆಡ್ಲಿಲ್ಲ ಈ ಮನುಷ್ಯ” ಎಂದು ನರ್ಸಿಗೆ ಹೇಳುತ್ತಿದ್ದಳು.

ಆರನೆಯ ದಿನವಿರಬೇಕು. ಅಂಕಿಗಳು ಕದಲದೆ ನಿಂತಿದ್ದವು, ಹೇಳುವಂಥ ಉರಿಯೂ ಇರಲಿಲ್ಲ. ದೇವೀರಮ್ಮ ಅರ್ಜಿಯ ಪ್ರತಿ ಹಿಡಿದುಕೊಂಡು ತಿರುವಿಹಾಕುತ್ತಿದ್ದರು. “ಸ್ವಾಮಿ, ಈ ಹದಿನಾಲ್ಕನೇದು ಸುಳ್ಳು. ‘ಇಡೀ ದಿನ, ಇಡೀ ಮೈ, ಬೋಂಡ ಕರಿಯುತ್ತಿರಬೇಕು’ ಅಂತ ಬರ್ದಿದೀರ. ಅವತ್ತು ಅಂಗಡಿ ತೆಗ್ದೇ ಇರ್ಲಿಲ್ಲ.”

“ಮತ್ತೆ ಅಷ್ಟು ಬಿಸಿ?”

“ಜ್ವರ. ನಮ್ಮನೆಯವರು ಹೋಗಿ ಹದಿನೈದು ದಿನ ಆಗಿತ್ತು. ಎದ್ದು ನೀರು ಕುಡಿಯೋಕೂ ಆಗ್ತಿರ್ಲಿಲ್ಲ.”

ಮನೆಯಲ್ಲಿ ಒಬ್ಬರೇ ಮಲಗಿ ನರಳುತ್ತಿದ್ದವರ ಜ್ವರವನ್ನು ಬೋಂಡವೆಂದು ಬರೆದು ಸಭೆಯಲ್ಲಿ ಓದಿಸಿದ್ದೆ.

“ನೀವು ಯಾರಿಗಾದರೂ ಹೇಳಿ ಕಳಿಸಬಾರದಿತ್ತೆ?” ಎಂದೆ.

“ನೀವು ಬಂದು ಕೇಳ್ಬಾರ್ದಿತ್ತೆ?” ಅವರ ದನಿಯಲ್ಲಿ ಸಿಟ್ಟಿರಲಿಲ್ಲ. “ಕಾಗದ ಓದಿಸಿದ್ದಕ್ಕೆ ನನಗೆ ಬೇಜಾರಿಲ್ಲ ಸ್ವಾಮಿ. ನನ್ನ ಬಗ್ಗೆ ಇಷ್ಟುದ್ದ ಬರ್ದೋರು ಇನ್ಯಾರಿದಾರೆ? ಆದ್ರೆ ಇಪ್ಪತ್ತಾರು ಸಲ ಉರಿದಿದೆ, ಮೂರು ಬೀದಿ ನಡ್ಕೊಂಡು ಬಂದು ನನಗೇ ಒಂದು ಸಲ ಹೇಳ್ಲಿಲ್ವಲ್ಲ. ಅಂಗಿನ ಅವತ್ತೇ ಹಾಕ್ಕೊತಿದ್ದೆ.”

“ಅಂಗಿ ಹಾಕಬೇಡಿ,” ಎಂದೆ. “ಅದರ ಸೆಖೆ ಹನಿಗಿಂತ ಕೆಟ್ಟದ್ದು.”

“ಹೌದಾ?” ಅವರು ನಿಜವಾಗಿ ಬೆಚ್ಚಿಬಿದ್ದರು. “ಹನ್ನೊಂದು ವರ್ಷ ನಿಮಗೆ ಉಪಕಾರ ಮಾಡ್ತಿದೀನಿ ಅಂದ್ಕೊಂಡಿದ್ನಲ್ರೀ!”

ಹತ್ತನೆಯ ದಿನವೂ ಮುಗಿಯಿತು. ಇನ್ನೊಂದು ಗುಳ್ಳೆ ಏಳಲಿಲ್ಲ. ಸ್ಕ್ಯಾನ್ ಆದ ದಿನ ಡಾಕ್ಟರು ಚಿತ್ರವನ್ನು ಕಿಟಕಿಗೆ ಹಿಡಿದು ತೋರಿಸಿದರು. ಗಜನಿಂಬೆ ಹೋಗಿ ಬೆಟ್ಟದ ನೆಲ್ಲಿಕಾಯಿಯಾಗಿತ್ತು. ಸರ್ಜನ್ನರು ಅದನ್ನಷ್ಟೇ ತೆಗೆದರು, ಸುತ್ತ ಒಂದಿಷ್ಟು ಮಾಂಸ ಸೇರಿಸಿ. ಕಾಲು ಇದ್ದ ಕಡೆಯೇ ಉಳಿಯಿತು. ದೇವೀರಮ್ಮ ಮೂರು ತಿಂಗಳು ಕೋಲು ಹಿಡಿದು ನಡೆದರು. ಮೂರು ತಿಂಗಳಿಗೊಮ್ಮೆ ಪರೀಕ್ಷೆಗೆ ಬರಬೇಕು ಎಂದು ಡಾಕ್ಟರು ಹೇಳಿದಾಗ, “ಬರ್ತೀವಿ” ಎಂದರು. ಬಹುವಚನ ಎಂದರೆ ನಾನೂ ಸೇರಿ ಎಂದು ಆಮೇಲೆ ತಿಳಿಯಿತು.

ಈ ನಡುವೆ ಊರಿಗೆ ದೂರುವ ಚಾಳಿ ಹತ್ತಿತು. ಹೋಟೆಲಿನಲ್ಲಿ, ಬಸ್ಸಿನಲ್ಲಿ, ಹಾಲಿನ ಸಾಲಿನಲ್ಲಿ ಅದೇ ಮಾತು: “ಎಡಗೆನ್ನೆ ಕಣ್ರೀ, ಬೆಳಿಗ್ಗೆ ಎಂಟಕ್ಕೆ, ಹಬೆ. ಇಡ್ಲಿ ತೆಗೀವಾಗ ಮುಖ ಸ್ವಲ್ಪ ಹಿಂದಿಟ್ಕೊಳ್ಳಿ.” “ಅಯ್ಯೋ ಹೌದೇನ್ರಿ, ಮೊದ್ಲೇ ಹೇಳ್ಬಾರ್ದ!” ಪಾಲಿನವರು ಒಬ್ಬರ ಮನೆಗೆ ಒಬ್ಬರು ಹೋಗಿಬರುವುದು ಹೆಚ್ಚಾಯಿತು. ಕಾಳಪ್ಪ ಒಬ್ಬನೇ ಮುಖ ಊದಿಸಿಕೊಂಡಿದ್ದ. ಒಂದು ದಿನ ಇಸ್ತ್ರಿಯ ಬಟ್ಟೆ ತರಲು ಹೋದಾಗ ಹಿಡಿದು ನಿಲ್ಲಿಸಿದ.

“ಎಲ್ರೂ ಅವರವರ ಕಥೆ ಹೇಳ್ತಾರೆ. ನಾನೇನು ಹೇಳ್ಲಿ? ಐವತ್ತೆಂಟು ವರ್ಷದಿಂದ ನಿನ್ನ ಪಾಲಿನೋನು. ಎಲ್ಲಾನೂ ಆರಿಸಿ ತಿಂತೀಯ, ನೆರಳಲ್ಲಿ ಕೂರ್ತೀಯ, ಜ್ವರ ಬಂದ್ರೂ ಒಂದು ಡಿಗ್ರಿ. ಒಂದು ದಿನ, ಒಂದೇ ದಿನ ದೂರೋಕೆ ಅವಕಾಶ ಕೊಟ್ಟಿದ್ದೀಯೇನಯ್ಯ ಧರಣೇಂದ್ರ?”

“ಪರವಾಗಿಲ್ಲ ಬಿಡು,” ಎಂದೆ. ಅವನು ನನ್ನ ಪಂಚೆಯನ್ನು ಕೈಗೆ ಕೊಡದೆ ಮೇಜಿನ ಮೇಲೆ ಎಸೆದ.

ಮೊನ್ನೆ ಸೋಮವಾರ ವಾಚನಾಲಯದಲ್ಲಿ ವಿಶ್ವಕೋಶದ ಧೂಳು ಒರೆಸುತ್ತಿದ್ದೆ. ಮಧ್ಯಾಹ್ನದಿಂದ ಮೈಗೆ ಮತ್ತೆ ಒಲೆಯ ಕಾವು ತಾಗುತ್ತಿದ್ದರೂ ಏನೋ ಹಗುರವಿತ್ತು. ಏನು ಕಡಿಮೆಯಾಗಿದೆ ಎಂದು ಗೊತ್ತಾಗಿರಲಿಲ್ಲ. ಆರನೆಯ ಸಂಪುಟಕ್ಕೆ ಕೈ ಹಾಕಿದೆ. ಎಡಗೈ ಮಣಿಕಟ್ಟಿನ ಮೇಲೆ ಇರುವೆ ಕಚ್ಚಿದಂತೆ ಶುರುವಾಗಿ ಚೇಳು ಕುಟುಕಿದಂತೆ ಮುಗಿಯಿತು.

“ಅಯ್ಯಪ್ಪಾ!”

ಪೇಪರುಗಳು ಅಲುಗಲಿಲ್ಲ. ಅವುಗಳ ಹಿಂದಿನಿಂದ ಏಳೆಂಟು ಕೈಗಳು ಹೊರಬಂದವು, ಏಳೆಂಟು ಕೈಗಡಿಯಾರಗಳ ಮುಳ್ಳು ತಿರುಗಿದವು.

ನಾನು ವಿಶ್ವಕೋಶವನ್ನು ಮೇಜಿನ ಮೇಲೆ ಹಾಗೇ ಬಿಟ್ಟು ಮೂರು ಬೀದಿಗಳನ್ನು ಹೆಚ್ಚುಕಡಿಮೆ ಓಡಿಕೊಂಡೇ ದಾಟಿದೆ. ತಿಂಗಳುಗಟ್ಟಲೆ ಮುಚ್ಚಿದ್ದ ಅಂಗಡಿಯ ಮುಂದೆ ಜನ ಮುತ್ತಿದ್ದರು. ದೇವೀರಮ್ಮ ಎರಡೂ ಕಾಲ ಮೇಲೆ ನಿಂತು ಜಾಲರಿಯಲ್ಲಿ ಬಜ್ಜಿ ತಿರುವುತ್ತಿದ್ದರು. ಗಂಡನ ಅಂಗಿ ಹಿಂದಿನ ಮೊಳೆಗೆ ನೇತಾಡುತ್ತಿತ್ತು.

“ಎಡಗೈ ಮಣಿಕಟ್ಟು, ನಾಲ್ಕೂ ಹತ್ತು,” ಎಂದೆ ಏದುಸಿರು ಬಿಡುತ್ತ. “ಹನ್ನೊಂದು ವರ್ಷದ ಹಿಂದೆ ಬೀಳುತ್ತಿದ್ದಲ್ಲೇ ಬಿದ್ದಿದೆ. ಸ್ವಲ್ಪ ನೋಡಿಕೊಂಡು ಬಿಡಬಾರದೇನ್ರೀ?”

“ನೋಡ್ಕೊಂಡೇ ಬಿಟ್ಟಿದ್ದು,” ಎಂದರು ಅವರು. “ಬರ್ತೀರೋ ಇಲ್ವೋ ಅಂತ.” ಬಾಣಲೆಯಿಂದ ಆಗತಾನೇ ಎತ್ತಿದ ಬಜ್ಜಿಯೊಂದನ್ನು ಕಾಗದದ ಮೇಲಿಟ್ಟು ನನ್ನತ್ತ ಚಾಚಿದರು. “ತಗೊಳ್ಳಿ. ಆರಿಸ್ಬೇಡಿ. ಬಿಸೀದಕ್ಕೇ ರುಚಿ ಅಂತಾರೆ ಡಾಕ್ಟ್ರಮ್ಮ.”

ಅಭ್ಯಾಸದಂತೆ ಊದಲು ತುಟಿ ಮುಂದೆ ಮಾಡಿದೆ. ಕಾಳಪ್ಪನ ಮುಖ ನೆನಪಾಯಿತು; ಮೇಜಿನ ಮೇಲೆ ಬಿದ್ದ ಪಂಚೆಯೂ. ತುಟಿ ಹಿಂದಕ್ಕೆ ತೆಗೆದುಕೊಂಡು ಬಜ್ಜಿಯನ್ನು ಇಡಿಯಾಗಿ ಬಾಯಿಗೆ ಹಾಕಿ ಕಚ್ಚಿದೆ. ಕಡಲೆಹಿಟ್ಟು ಗರಿಗರಿಯಾಗಿತ್ತು, ಒಳಗಿನ ಮೆಣಸಿನಕಾಯಿ ಮೆತ್ತಗಿತ್ತು. ದೇವೀರಮ್ಮ ಜಾಲರಿ ಎತ್ತಿ ಹಿಡಿದು ಕಿವಿಗೊಟ್ಟರು. ಸಾಲಿನಲ್ಲಿದ್ದವರೂ ಮಾತು ನಿಲ್ಲಿಸಿದರು.

ಎರಡು ಬೀದಿ ಆಚೆ, ಇಸ್ತ್ರಿ ಅಂಗಡಿಯ ಕಡೆಯಿಂದ, ಊರಿಗೆ ಊರೇ ಕೇಳುವ ಹಾಗೆ ದನಿಯೊಂದು ಎದ್ದಿತು: “ಧರಣೇಂದ್ರಾ! ನಾಲಿಗೆ! ಬಲಗಡೆ! ಅಂಗುಳು ಪೂರ್ತಿ! ಕೆಂಡ ಕಣಯ್ಯಾ, ಕೆಂಡ!”

ಐವತ್ತೆಂಟು ವರ್ಷದಲ್ಲಿ ಕಾಳಪ್ಪ ಅಷ್ಟು ಸಂತೋಷವಾಗಿದ್ದದ್ದನ್ನು ನಾನು ಕೇಳಿರಲಿಲ್ಲ.